ಒಂದೇ ಕಾಯಿಲೆ, ಒಂದೇ ಔಷಧಿ. ಕೆಲವರಿಗೆ ಮಾತ್ರ ಉಬ್ಬಸ ಹತೋಟಿಗೆ ಬರೋದಿಲ್ಲ ಯಾಕೆ?

ನೀಲಿಹಕ್ಕಿ:

ಎಲ್ಲರಿಗೂ ನಮಸ್ಕಾರ. ಉಬ್ಬಸ ಇರುವವರು, ಅವರನ್ನು ನೋಡಿಕೊಳ್ಳುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೀತಿದ್ದೀನಿ.

ಅಸ್ತಮಾ ಬುಡಸಮೇತ ವಾಸಿಯಾಗದಿದ್ದರೂ ಹತೋಟಿಯಲ್ಲಿ ಇಡಬಹುದಾದ ಕಾಯಿಲೆ. ಉಸಿರಿನ ಮೂಲಕ ತಗೊಳ್ಳುವ ಸ್ಟೀರಾಯ್ಡ್ 1970ರ ದಶಕದಿಂದಲೇ ಬಳಕೆಯಲ್ಲಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ 26.2 ಕೋಟಿ ಜನರಿಗೆ ಅಸ್ತಮಾ ಇತ್ತು, 4.55 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಹೆಚ್ಚಿನ ಸಾವುಗಳು ಆಗಿದ್ದು ಕಡಿಮೆ ಆದಾಯದ, ಕೆಳಮಧ್ಯಮ ಆದಾಯದ ದೇಶಗಳಲ್ಲಿ. ಶ್ರೀಮಂತ ದೇಶಗಳ ಒಳಗೂ ಇದೇ ಕಥೆ. ಬಡವರು, ಅಲ್ಪಸಂಖ್ಯಾತ ಸಮುದಾಯದವರು, ಓದು ಕಡಿಮೆ ಇರುವವರು ತುರ್ತು ಚಿಕಿತ್ಸಾ ವಿಭಾಗಕ್ಕೆ ಮತ್ತೆ ಮತ್ತೆ ಬರ್ತಾರೆ.

ಇದಕ್ಕೆ ಹಣ, ಗಾಳಿ, ಮನೆ ಎಲ್ಲವೂ ಕಾರಣ, ನಿಜ. ಆದರೆ ನಾನು ಇಲ್ಲಿ ಎತ್ತಬೇಕೆಂದಿರೋದು ಆರೋಗ್ಯ ಸಾಕ್ಷರತೆಯನ್ನ. ವೈದ್ಯರು ಹೇಳಿದ್ದು, ಚೀಟಿಯಲ್ಲಿ ಬರೆದದ್ದು, ಡಬ್ಬಿಯ ಮೇಲೆ ಅಚ್ಚಾದದ್ದು ತಿಳಿಯೋದು, ತಿಳಿದದ್ದನ್ನ ಮನೆಯಲ್ಲಿ ಮಾಡೋಕೆ ಆಗೋದು.

1998ರಲ್ಲಿ ಅಮೆರಿಕದ ಒಂದು ಸರ್ಕಾರಿ ಆಸ್ಪತ್ರೆಯ 483 ಅಸ್ತಮಾ ರೋಗಿಗಳ ಅಧ್ಯಯನ ಪ್ರಕಟವಾಯ್ತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹೈಸ್ಕೂಲ್ ಮುಗಿಸಿದ್ದೀವಿ ಅಂದಿದ್ದರು, ಆದರೆ ಹೈಸ್ಕೂಲ್ ಮಟ್ಟದ ಓದು ಬರ್ತಿದ್ದದ್ದು 27% ಮಂದಿಗೆ ಮಾತ್ರ. ಉಬ್ಬಸ ಏಳದೇ ಇರುವಾಗಲೂ ಡಾಕ್ಟರನ್ನು ಕಾಣಬೇಕು ಅನ್ನೋದು ಚೆನ್ನಾಗಿ ಓದಬಲ್ಲವರಲ್ಲಿ 90% ಮಂದಿಗೆ ಗೊತ್ತಿತ್ತು. ಮೂರನೇ ತರಗತಿ ಮಟ್ಟ ಅಥವಾ ಅದಕ್ಕಿಂತ ಕಡಿಮೆ ಓದು ಇದ್ದವರಲ್ಲಿ 31% ಮಂದಿಗೆ. ಇನ್ಹೇಲರನ್ನು ತೀರಾ ತಪ್ಪಾಗಿ ಬಳಸ್ತಿದ್ದವರು ಮೊದಲ ಗುಂಪಿನಲ್ಲಿ 48%, ಎರಡನೆಯದರಲ್ಲಿ 89%.

ಇದನ್ನ ಓದಿ "ಜನಕ್ಕೆ ತಿಳುವಳಿಕೆ ಇಲ್ಲ" ಅಂತ ಕೈ ತೊಳೆದುಕೊಳ್ಳೋದು ಸುಲಭ. ನನ್ನ ಪ್ರಕಾರ ಈ ಅಂಕಿಗಳು ಹೇಳೋದು ಬೇರೆ. ಚೆನ್ನಾಗಿ ಓದಬಲ್ಲವರಲ್ಲೂ ಅರ್ಧದಷ್ಟು ಮಂದಿಗೆ ಇನ್ಹೇಲರ್ ಸರಿಯಾಗಿ ಬರ್ತಿರಲಿಲ್ಲ. ಅಂದರೆ ನಾವು ಹೇಳಿಕೊಡುವ ಕ್ರಮವೇ ಸರಿಯಿಲ್ಲ. ಅದರ ಪೆಟ್ಟು ಓದು ಬಾರದವರಿಗೆ ಜಾಸ್ತಿ ಬೀಳ್ತಿದೆ. ನಿಮ್ಮ ಅನುಭವ ಹೇಳಿ.

ವಾರ್ಡ್ ಸಿಸ್ಟರ್:

ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಶ್ವಾಸಕೋಶ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡ್ತಿದ್ದೀನಿ. ಡಿಸ್ಚಾರ್ಜ್ ದಿನ ಏನಾಗುತ್ತೆ ಹೇಳ್ತೀನಿ. ರೋಗಿ ಬಟ್ಟೆ ಗಂಟು ಕಟ್ಟಿಕೊಂಡು ಕೂತಿರ್ತಾರೆ, ಜೊತೆಗಿರೋರು ಬಿಲ್ ಕಟ್ಟೋಕೆ ಹೋಗಿರ್ತಾರೆ, ಬೆಡ್‌ಗೆ ಮುಂದಿನವರು ಹೊರಗೆ ಕಾಯ್ತಿರ್ತಾರೆ. ಆಗ ಒಬ್ಬರು ಬಂದು ಎರಡು ಇನ್ಹೇಲರ್ ಕೈಗಿಟ್ಟು "ಇದು ಬೆಳಿಗ್ಗೆ ಸಂಜೆ, ಇದು ಬೇಕಾದಾಗ, ಗೊತ್ತಾಯ್ತಾ?" ಅಂತಾರೆ. ರೋಗಿ "ಹೂಂ" ಅಂತಾರೆ. ಆ "ಹೂಂ"ನಲ್ಲಿ ಏನೂ ಇರೋದಿಲ್ಲ. ದೊಡ್ಡವರ ಮುಂದೆ "ಗೊತ್ತಾಗಲಿಲ್ಲ" ಅನ್ನೋಕೆ ಸಂಕೋಚ, ಅಷ್ಟೇ.

ನಾನು ಈಗ "ಗೊತ್ತಾಯ್ತಾ" ಅಂತ ಕೇಳೋದನ್ನೇ ಬಿಟ್ಟಿದ್ದೀನಿ. "ನಾನು ಸರಿಯಾಗಿ ಹೇಳಿದ್ದೀನೋ ಇಲ್ವೋ ನೋಡ್ಬೇಕು, ಮನೆಗೆ ಹೋಗಿ ಹೇಗೆ ತಗೊಳ್ತೀರಿ ಒಂದ್ಸಲ ತೋರಿಸಿ" ಅಂತೀನಿ. ಆಗ ನಿಜ ಹೊರಗೆ ಬರುತ್ತೆ. ಒಬ್ಬ ಹಿರಿಯರು ಮುಚ್ಚಳ ತೆಗೆಯದೇ ಒತ್ತಿದರು. ಇನ್ನೊಬ್ಬಾಕೆ ಬಾಯಿಗೆ ಹೊಡೆದುಕೊಂಡು ತಕ್ಷಣ ಮೂಗಿನಲ್ಲಿ ಉಸಿರೆಳೆದರು. ಬಹಳ ಮಂದಿ ಮೊದಲು ಒತ್ತಿ ಆಮೇಲೆ ಉಸಿರೆಳೀತಾರೆ, ಅಷ್ಟರಲ್ಲಿ ಔಷಧಿ ನಾಲಿಗೆ ಮೇಲೆ, ಗಂಟಲಲ್ಲಿ ಕೂತಿರುತ್ತೆ.

ಒತ್ತುವ ಇನ್ಹೇಲರ್‌ನ ಕ್ರಮ ನೋಡಿ. ಮುಚ್ಚಳ ತೆಗೀಬೇಕು, ಚೆನ್ನಾಗಿ ಅಲ್ಲಾಡಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಬೇಕು, ನಿಧಾನವಾಗಿ ಎಳೆಯೋಕೆ ಶುರು ಮಾಡ್ತಾನೇ ಒಂದೇ ಸಲ ಒತ್ತಬೇಕು, ಎಳೀತಾ ಹೋಗಬೇಕು, ಹತ್ತು ಸೆಕೆಂಡಿನಷ್ಟು ಉಸಿರು ಹಿಡೀಬೇಕು. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಮೊದಲಿಂದ. ಪುಡಿಯ ಇನ್ಹೇಲರ್ ಆದರೆ ಇದಕ್ಕೆ ತದ್ವಿರುದ್ಧ, ಅಲ್ಲಿ ಜೋರಾಗಿ, ರಭಸದಿಂದ ಎಳೀಬೇಕು. ಒಬ್ಬರಿಗೇ ಎರಡೂ ಬಗೆ ಬರೆದುಕೊಟ್ಟು ಚೀಟಿಯಲ್ಲಿ ಓದಿಕೊಳ್ಳಿ ಅಂದರೆ ಹೇಗೆ? ಈಜನ್ನ ಯಾರೂ ಓದಿ ಕಲಿಯೋದಿಲ್ಲ, ಇದೂ ಹಾಗೇ.

ಔಷಧಿ ಕೌಂಟರ್:

ಸಿಸ್ಟರ್ ಹೇಳಿದ್ದಕ್ಕೆ ಔಷಧಿ ಅಂಗಡಿ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ.

ಒಂದು ನೀಲಿ ರಿಲೀವರ್ (ಉಬ್ಬಸ ಎದ್ದಾಗ ತಕ್ಷಣ ಆರಾಮಕ್ಕೆ ತಗೊಳ್ಳೋ ಇನ್ಹೇಲರ್) ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತೆ. ಜಾಗತಿಕ ಅಸ್ತಮಾ ಮಾರ್ಗಸೂಚಿ ಹೊರತರುವ ಜೀನಾ ಹೇಳೋ ಪ್ರಕಾರ ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಮುಗಿಸುವವರಿಗೆ ಉಬ್ಬಸ ಉಲ್ಬಣಿಸುವ ಅಪಾಯ ಜಾಸ್ತಿ; ಹನ್ನೆರಡು ದಾಟಿದರೆ ಸಾವಿನ ಅಪಾಯವೂ ಏರುತ್ತೆ. ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ಅಸ್ತಮಾ ಸಾವುಗಳ ರಾಷ್ಟ್ರೀಯ ಪರಿಶೀಲನೆಯಲ್ಲಿ 195 ಸಾವುಗಳನ್ನ ನೋಡಿದ್ದರು. ರಿಲೀವರ್ ಲೆಕ್ಕ ಸಿಕ್ಕ 165 ಮಂದಿಯಲ್ಲಿ 65 ಮಂದಿಗೆ ಸಾಯುವ ಹಿಂದಿನ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಡಬ್ಬಿ ಬರೆದುಕೊಡಲಾಗಿತ್ತು. ಹನ್ನೆರಡು ಅಂದರೆ 2,400 ಪಫ್, ದಿನಕ್ಕೆ ಆರೇಳು. ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಆ ಲೆಕ್ಕವೇ ಕೂಗಿ ಹೇಳ್ತಿತ್ತು, ಕೇಳಿಸಿಕೊಂಡವರಿಲ್ಲ. ಉಬ್ಬಸ ಹೆಚ್ಚಾದಾಗ ಏನು ಮಾಡಬೇಕು ಅಂತ ಬರೆದುಕೊಟ್ಟ ಯೋಜನೆ ಇದ್ದದ್ದು 23% ಮಂದಿಗೆ ಮಾತ್ರ. 45% ಮಂದಿ ವೈದ್ಯಕೀಯ ನೆರವು ಕೇಳದೆಯೇ, ಇಲ್ಲವೇ ತುರ್ತು ಚಿಕಿತ್ಸೆ ಸಿಗೋ ಮೊದಲೇ ಹೋದರು.

ರೋಗಿ ಕಡೆಯಿಂದ ನೋಡಿದರೆ ಇದು ಅರ್ಥವಾಗುತ್ತೆ. ನೀಲಿ ಇನ್ಹೇಲರ್ ಹೊಡೆದ ಕೆಲವೇ ನಿಮಿಷದಲ್ಲಿ ಎದೆ ಹಗುರ. ಸ್ಟೀರಾಯ್ಡ್ ಇರುವ ಇನ್ಹೇಲರ್ ಹೊಡೆದರೆ ಆ ಕ್ಷಣಕ್ಕೆ ಏನೂ ಅನ್ನಿಸೋದಿಲ್ಲ, ಶ್ವಾಸನಾಳದ ಊತ ಇಳಿಯೋಕೆ ದಿನಗಳು, ವಾರಗಳು ಬೇಕು. ಹೇಳಿಕೊಡದೇ ಹೋದರೆ ಯಾರೇ ಆಗಲಿ ಎರಡನೆಯದನ್ನ "ಕೆಲಸಕ್ಕೆ ಬಾರದ್ದು" ಅಂತ ಮೂಲೆಗೆ ಹಾಕ್ತಾರೆ. 2019ರಿಂದ ಜೀನಾ, ರಿಲೀವರ್ ಒಂದನ್ನೇ ನಂಬಿ ಚಿಕಿತ್ಸೆ ಮಾಡೋದು ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದೂ ಬರೀ ನೀಲಿ ಡಬ್ಬಿ ಕೇಳಿಕೊಂಡು ಬರುವವರನ್ನ ನಾನು ದಿನಾ ನೋಡ್ತೀನಿ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಔಷಧಿ ಮುಗಿದ ಮೇಲೂ ಒತ್ತಿದರೆ ಡಬ್ಬಿ "ಫುಸ್" ಅನ್ನುತ್ತೆ, ಒಳಗೆ ಅನಿಲ ಉಳಿದಿರುತ್ತೆ. ಸದ್ದು ಬಂತು ಅಂದರೆ ಔಷಧಿ ಇದೆ ಅಂತಲ್ಲ. ಡಬ್ಬಿಯ ಹಿಂದೆ ಅಂಕಿ ತೋರಿಸುವ ಕೌಂಟರ್ ಇದ್ದರೆ ಅದನ್ನ ನೋಡಿ. ನೀರಲ್ಲಿ ತೇಲಿಸಿ ನೋಡೋ ಹಳೇ ಪರೀಕ್ಷೆಯನ್ನ ನಂಬಬೇಡಿ.

ಗುಡ್ಡದ ಗಾಳಿ:

ಚರ್ಚೆ ಚೆನ್ನಾಗಿದೆ, ಆದರೆ ನನ್ನದೊಂದು ತಕರಾರಿದೆ. ಸಾಕ್ಷರತೆ ಎನ್ನುತ್ತಾ ಹೋದರೆ ಹೊಣೆ ಕೊನೆಗೆ ಬಂದು ನಿಲ್ಲುವುದು ರೋಗಿಯ ತಲೆಯ ಮೇಲೆಯೇ. ಹೆದ್ದಾರಿಯ ಪಕ್ಕದ ತೇವ ಹಿಡಿದ ಕೋಣೆಯಲ್ಲಿ ಬದುಕುವ ಮಗುವಿಗೆ ಉಸಿರೆಳೆಯುವ ಕ್ರಮ ಕಲಿಸಿದರೆ ಗೋಡೆಯ ಬೂಸ್ಟು ಹೋಗುತ್ತದೆಯೇ?

ಅಮೆರಿಕದ ಎರಡು ಅಧ್ಯಯನಗಳನ್ನು ನೆನಪಿಸುತ್ತೇನೆ. 1997ರಲ್ಲಿ ಪ್ರಕಟವಾದ ಒಂದರಲ್ಲಿ ನಗರಗಳ ಬಡ ಬಡಾವಣೆಗಳ 476 ಅಸ್ತಮಾ ಮಕ್ಕಳನ್ನು ನೋಡಿದ್ದರು. ಜಿರಳೆಗೆ ಅಲರ್ಜಿ ಇದ್ದು, ಮಲಗುವ ಕೋಣೆಯಲ್ಲೂ ಜಿರಳೆಯ ಅಂಶ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ 3.4 ಪಟ್ಟು ಹೆಚ್ಚು ಆಸ್ಪತ್ರೆ ಸೇರುತ್ತಿದ್ದರು. 2020ರ ಇನ್ನೊಂದು ಕ್ಯಾಲಿಫೋರ್ನಿಯಾದ ಎಂಟು ನಗರಗಳದ್ದು. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳಲ್ಲಿ "ಸಾಲ ಕೊಡಲು ಅಪಾಯ" ಎಂದು ಕೆಂಪು ಬಳಿದ ಬಡಾವಣೆಗಳಲ್ಲಿ ಇಂದಿಗೂ ಅಸ್ತಮಾಕ್ಕಾಗಿ ತುರ್ತು ವಿಭಾಗಕ್ಕೆ ಬರುವವರ ಪ್ರಮಾಣ, ಆಗ ಉತ್ತಮವೆಂದು ಗುರುತಿಸಿದ್ದ ಬಡಾವಣೆಗಳ 2.4 ಪಟ್ಟು. ಎಂಟು ದಶಕದ ಹಿಂದಿನ ಬಣ್ಣ ಇಂದಿನ ಮಕ್ಕಳ ಎದೆಗೂಡಿನಲ್ಲಿದೆ. ಇದನ್ನು ಕರಪತ್ರ ಹಂಚಿ ಸರಿಪಡಿಸಲಾಗದು.

ನೀಲಿಹಕ್ಕಿ:

ಗುಡ್ಡದ ಗಾಳಿಯವರೇ, ಈ ತಕರಾರು ಬೇಕಿತ್ತು. ಮನೆ, ಗಾಳಿ, ಹಣ ಇವು ಮೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಕ್ಷರತೆ ಅಂದರೆ ರೋಗಿಯ ತಲೆಯೊಳಗಿನ ಸರಕು ಮಾತ್ರ ಅಂತ ನಾನು ಹೇಳ್ತಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯೇ 2020ರಲ್ಲಿ ಹೊರಡಿಸಿದ 2030ರ ಗುರಿಗಳಲ್ಲಿ ಇದನ್ನ ಎರಡಾಗಿ ಒಡೆದಿದೆ. ವ್ಯಕ್ತಿಯ ಆರೋಗ್ಯ ಸಾಕ್ಷರತೆ ಒಂದು, ಸಂಸ್ಥೆಯ ಆರೋಗ್ಯ ಸಾಕ್ಷರತೆ ಇನ್ನೊಂದು. ಜನಕ್ಕೆ ಮಾಹಿತಿ ಸಿಗೋ ಹಾಗೆ, ತಿಳಿಯೋ ಹಾಗೆ, ಬಳಸೋಕೆ ಆಗೋ ಹಾಗೆ ಮಾಡೋದು ಆಸ್ಪತ್ರೆಯ ಕೆಲಸ ಅಂತ ಅದರ ಅರ್ಥ.

ಇನ್ನೊಂದು ಅಧ್ಯಯನ ನನಗೆ ತುಂಬಾ ಮುಖ್ಯ ಅನ್ನಿಸುತ್ತೆ. 2005ರದ್ದು, ತೀವ್ರ ಅಸ್ತಮಾದಿಂದ ಆಸ್ಪತ್ರೆ ಸೇರಿದ್ದ 73 ವಯಸ್ಕರ ಮೇಲೆ ಮಾಡಿದ್ದು. ಶುರುವಿನಲ್ಲಿ ಓದು ಕಡಿಮೆ ಇದ್ದವರಿಗೆ ಔಷಧಿ ಬಗ್ಗೆ ತಿಳುವಳಿಕೆಯೂ ಕಡಿಮೆ, ಇನ್ಹೇಲರ್ ಬಳಕೆಯೂ ಕೆಟ್ಟದ್ದು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ತೋರಿಸಿ, ಮಾಡಿಸಿ, ತಪ್ಪಿದಲ್ಲಿ ತಿದ್ದಿ ಕಲಿಸಿದರು. ಕಲಿಯೋದರಲ್ಲಾಗಲಿ, ಎರಡು ವಾರದ ನಂತರ ನೆನಪಿಟ್ಟುಕೊಳ್ಳೋದರಲ್ಲಾಗಲಿ ಓದು ಬರುವವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನವೇ, ಆದರೂ ಎಂಥ ದೊಡ್ಡ ಮಾತು ಇದು! ಕಲಿಯೋ ಶಕ್ತಿ ಎಲ್ಲರಲ್ಲೂ ಇತ್ತು, ಕಲಿಸೋರು ಇರಲಿಲ್ಲ. ಬಡಾವಣೆಯ ಗಾಳಿ ಶುದ್ಧವಾಗೋ ಹೊತ್ತಿಗೆ ಎಷ್ಟೋ ವರ್ಷ ಹಿಡಿಯುತ್ತೆ. ಇದನ್ನ ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು. ಎರಡಕ್ಕೂ ಹೋರಾಡೋಣ.

ಗುಡ್ಡದ ಗಾಳಿ:

ಹೊಣೆ ಆಸ್ಪತ್ರೆಯದ್ದು ಎನ್ನುವುದಾದರೆ ನನ್ನ ತಕರಾರು ಬಹುಪಾಲು ಇಳಿಯಿತು. ಆದರೆ ಯೋಜನೆ ಮಾಡುವವರು ಅಗ್ಗದ ದಾರಿ ಎಂದು ಬರೀ ಶಿಕ್ಷಣವನ್ನು ಹಿಡಿದು, ಮನೆ ಮತ್ತು ಗಾಳಿಯ ವಿಷಯ ಕೈಬಿಡುವ ಅಪಾಯ ಇದ್ದೇ ಇದೆ. ಅದನ್ನು ಮಾತ್ರ ಒಪ್ಪಲಾರೆ.

ಅಕ್ಷರದ ಅಂಗಳ:

ವಯಸ್ಕರಿಗೆ ಓದು ಬರಹ ಕಲಿಸುವ ಕೆಲಸದಲ್ಲಿದ್ದೇನೆ. ಓದು ಬಾರದಿರುವುದನ್ನು ಜನ ಎಷ್ಟು ಜಾಣತನದಿಂದ ಮುಚ್ಚಿಡುತ್ತಾರೆ ಎಂಬುದನ್ನು ಡಾಕ್ಟರುಗಳು ಊಹಿಸಲಾರರು. "ಕನ್ನಡಕ ಮರೆತು ಬಂದೆ", "ಮನೆಗೆ ಹೋಗಿ ನಿಧಾನವಾಗಿ ಓದ್ತೀನಿ", "ಫಾರಂ ನನ್ನ ಮಗಳು ತುಂಬ್ತಾಳೆ". ಈ ಮಾತುಗಳು ಬಂದಾಗ ನಾನು ಹಾಳೆಯನ್ನು ಪಕ್ಕಕ್ಕಿಟ್ಟು ಬಾಯಿಮಾತಿಗೆ ಬರುತ್ತೇನೆ. ಓದು ಬರುತ್ತಾ ಎಂದು ನಾಲ್ಕು ಜನರ ಮುಂದೆ ಕೇಳಿದರೆ ಆ ವ್ಯಕ್ತಿ ಮತ್ತೆ ಆಸ್ಪತ್ರೆ ಕಡೆ ತಲೆ ಹಾಕದಿರಬಹುದು. ಯಾರಿಗೆ ತಿಳಿಯುತ್ತೆ, ಯಾರಿಗೆ ತಿಳಿಯಲ್ಲ ಎಂದು ಅಳೆಯುವ ಬದಲು ಎಲ್ಲರಿಗೂ ಸರಳವಾಗಿಯೇ ಹೇಳುವುದು ಒಳ್ಳೆಯದು. ಓದಿದವರೂ ಉಸಿರು ಕಟ್ಟಿದಾಗ ಸರಳ ಮಾತನ್ನೇ ಬಯಸುತ್ತಾರೆ.

ಅಕ್ಷರ ಬಂದರೂ ಸಾಲದು, ಲೆಕ್ಕವೂ ಬರಬೇಕು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಔಷಧಿ ಡಬ್ಬಿಯ ಮೇಲಿನ "ಎರಡು ಮಾತ್ರೆ, ದಿನಕ್ಕೆ ಎರಡು ಸಲ" ಎಂಬ ಸಾಲನ್ನು ಓದು ಕಡಿಮೆ ಇದ್ದವರಲ್ಲಿ ಸುಮಾರು 71% ಮಂದಿ ಸರಿಯಾಗಿಯೇ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ನಾಲ್ಕನ್ನು ಎಣಿಸಿದವರು ಸುಮಾರು 35% ಮಾತ್ರ. ಈಗ ಅಸ್ತಮಾ ಯೋಜನೆಯ ಹಾಳೆ ನೋಡಿ. ಪೀಕ್ ಫ್ಲೋ ಎಂದರೆ ಜೋರಾಗಿ ಊದಿದಾಗ ಉಸಿರು ಹೊರಬರುವ ಗರಿಷ್ಠ ವೇಗ, ಅದನ್ನು ಚಿಕ್ಕ ಮೀಟರಿನಲ್ಲಿ ಅಳೆಯುತ್ತಾರೆ. "ನಿಮ್ಮ ಅತ್ಯುತ್ತಮ ಪೀಕ್ ಫ್ಲೋನ 80%ಗಿಂತ ಕೆಳಗಿಳಿದರೆ ಹಳದಿ, 50%ಗಿಂತ ಕೆಳಗಿಳಿದರೆ ಕೆಂಪು." ಅತ್ಯುತ್ತಮ 430 ಇದ್ದವರಿಗೆ 80% ಎಷ್ಟು? ಏದುಸಿರು ಬಿಡುತ್ತಾ ಈ ಲೆಕ್ಕ ಮಾಡಬೇಕೇ? 344, 215 ಎಂದು ಆಸ್ಪತ್ರೆಯವರೇ ಬರೆದುಕೊಡಲಿ, ಮೀಟರಿನ ಮೇಲೆಯೇ ಬಣ್ಣದ ಗುರುತು ಅಂಟಿಸಿಕೊಡಲಿ. ಎರಡು ನಿಮಿಷದ ಕೆಲಸ. ಮಾತ್ರೆಯೂ ಅಷ್ಟೇ. "30 ಮಿಲಿಗ್ರಾಂ" ಎಂದು ಬರೆದು 5 ಮಿಲಿಗ್ರಾಂ ಮಾತ್ರೆ ಕೊಟ್ಟರೆ ಭಾಗಾಕಾರ ರೋಗಿಯ ಪಾಲಿಗೆ ಬೀಳುತ್ತದೆ. "ಆರು ಮಾತ್ರೆ" ಎಂದು ಬರೆಯಲು ಏನು ಕಷ್ಟ?

ಮೊದಲಮಳೆ:

ನನ್ನ ಮಗನಿಗೆ ಐದು ವರ್ಷ, ಅಸ್ತಮಾ ಇದೆ. ನಾನು ಡಿಗ್ರಿ ಓದಿದೀನಿ, ಆದರೂ ಇಲ್ಲಿ ಬರೆದಿರೋದರಲ್ಲಿ ಅರ್ಧ ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ದೊಡ್ಡವರು "ಪಂಪ್ ಅಭ್ಯಾಸ ಆದ್ರೆ ಬಿಡೋಕಾಗಲ್ಲ, ಮಗು ಬೆಳೆಯಲ್ಲ" ಅಂತ ಹೆದರಿಸ್ತಾರೆ. ಸ್ಟೀರಾಯ್ಡ್ ಅಂದ ಕೂಡಲೇ ನನಗೂ ಎದೆ ಝಲ್ ಅನ್ನುತ್ತೆ. ಸಿಸ್ಟರ್, ದಯವಿಟ್ಟು ಇದಕ್ಕೆ ನೇರವಾಗಿ ಉತ್ತರ ಕೊಡ್ತೀರಾ? ಇನ್ನೊಂದು, ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸೋ ಕೊಳವೆ) ಹಾಕಿದರೆ ಅವನು ಅಳ್ತಾನೆ. ಅತ್ತರೂ ಔಷಧಿ ಒಳಗೆ ಹೋಗುತ್ತಾ?

ವಾರ್ಡ್ ಸಿಸ್ಟರ್:

ಅಮ್ಮಾ, ನೇರವಾಗಿಯೇ ಹೇಳ್ತೀನಿ. ಇನ್ಹೇಲರ್ ಚಟ ಹಿಡಿಸೋದಿಲ್ಲ. ನಿಲ್ಲಿಸಿದಾಗ ಉಬ್ಬಸ ವಾಪಸ್ ಬರೋದು ಕಾಯಿಲೆ ಇನ್ನೂ ಇರೋದರಿಂದ.

ಸ್ಟೀರಾಯ್ಡ್ ಭಯಕ್ಕೆ ಅಳತೆ ನೋಡಿ. ಇನ್ಹೇಲರಿನ ಪ್ರಮಾಣ ಮೈಕ್ರೋಗ್ರಾಂನಲ್ಲಿ, ಮಾತ್ರೆಯದ್ದು ಮಿಲಿಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಎರಡೂ ಒಂದೇ ಔಷಧಿ ಅಲ್ಲ, ಹಾಗಾಗಿ ತಕ್ಕಡಿಯಲ್ಲಿಟ್ಟು ತೂಗೋಕಾಗಲ್ಲ. ಆದರೆ ಇನ್ಹೇಲರಿನದು ನೇರ ಶ್ವಾಸನಾಳಕ್ಕೆ ಹೋಗುತ್ತೆ, ಮೈಗೆ ಸೇರೋದು ಬಹಳ ಕಡಿಮೆ. ಎತ್ತರದ ಮೇಲೆ ಸ್ವಲ್ಪ ಪರಿಣಾಮ ಇದೆ ಅಂತ ಅಧ್ಯಯನಗಳು ಹೇಳ್ತವೆ, ಅದನ್ನ ಮುಚ್ಚಿಡೋದಿಲ್ಲ. ಮುಖ್ಯವಾಗಿ ಮೊದಲ ವರ್ಷದಲ್ಲಿ, ಸುಮಾರು ಒಂದು ಸೆಂಟಿಮೀಟರ್ ಆಸುಪಾಸು. ಹತೋಟಿ ಇಲ್ಲದ ಉಬ್ಬಸ ಮಗುವಿನ ನಿದ್ದೆ, ಶಾಲೆ, ಆಟ ಎಲ್ಲವನ್ನೂ ತಿನ್ನುತ್ತೆ, ಪದೇಪದೇ ಉಲ್ಬಣಿಸಿದರೆ ಸ್ಟೀರಾಯ್ಡ್ ಮಾತ್ರೆಯನ್ನೇ ಕೊಡಬೇಕಾಗುತ್ತೆ. ಡಾಕ್ಟರು ಸಾಕಾಗುವಷ್ಟು ಕಡಿಮೆ ಪ್ರಮಾಣಕ್ಕೇ ಇಳಿಸ್ತಾರೆ. ನೀವಾಗಿ ನಿಲ್ಲಿಸಬೇಡಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ.

ಅತ್ತರೆ ಔಷಧಿ ಸರಿಯಾಗಿ ಒಳಗೆ ಹೋಗೋದಿಲ್ಲ. ಸಮಾಧಾನವಾಗಿದ್ದಾಗ ಕೊಡಿ. ಔಷಧಿ ಇಲ್ಲದೇ ಬರೀ ಸ್ಪೇಸರ್ ಕೊಟ್ಟು ಆಟವಾಡಿಸಿ, ಗೊಂಬೆಗೆ ಹಾಕಿಸಿ, ಭಯ ಹೋಗುತ್ತೆ. ಮಾಸ್ಕ್ ಇದ್ದರೆ ಮುಖಕ್ಕೆ ಸಂದಿಲ್ಲದ ಹಾಗೆ ಕೂರಬೇಕು. ಒಂದು ಸಲಕ್ಕೆ ಒಂದೇ ಪಫ್, ಐದಾರು ಸಲ ಮಾಮೂಲಿ ಉಸಿರಾಟ. ಪ್ಲಾಸ್ಟಿಕ್ ಸ್ಪೇಸರನ್ನ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ತೊಳೆದು ಹಾಗೇ ಗಾಳಿಗೆ ಒಣಗಿಸಿ, ಬಟ್ಟೆಯಲ್ಲಿ ಉಜ್ಜಬೇಡಿ. ಉಜ್ಜಿದರೆ ಒಳಗೋಡೆಯಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಅಲ್ಲೇ ಅಂಟಿಕೊಳ್ಳುತ್ತೆ.

ನೀವು ಡಿಗ್ರಿ ಓದಿಯೂ ಗೊತ್ತಿರಲಿಲ್ಲ ಅಂದಿರಿ ನೋಡಿ, ನೀಲಿಹಕ್ಕಿಯವರು ಶುರುವಿನಲ್ಲಿ ಹೇಳಿದ್ದೇ ಅದು.

ಔಷಧಿ ಕೌಂಟರ್:

ಪುಡಿಯ ಇನ್ಹೇಲರಿಗೆ ಹಾಕುವ ಕ್ಯಾಪ್ಸೂಲನ್ನ ನುಂಗಿಬಿಡುವವರೂ ಇದ್ದಾರೆ. ಇದು ಓದು ಬಾರದವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೇ ಒಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯ್ತು. ನೋಡೋಕೆ ನುಂಗುವ ಕ್ಯಾಪ್ಸೂಲಿನ ಹಾಗೇ ಇದೆ, ಸ್ಟ್ರಿಪ್ ಕೂಡ ಹಾಗೇ. ಹಾಗಿದ್ದಮೇಲೆ ನುಂಗದೇ ಏನು ಮಾಡ್ತಾರೆ? ಕೌಂಟರಿನಲ್ಲಿ ನಾವೇ ಒಂದು ಕ್ಯಾಪ್ಸೂಲನ್ನ ಸಾಧನದೊಳಗೆ ಹಾಕಿ ತೋರಿಸಬೇಕು.

ನಮ್ಮ ಕಡೆಯ ಮಾತನ್ನೂ ಬಿಡಿಸಿ ಹೇಳಲೇಬೇಕು. ಕಲಿಸಬೇಕಾದವರಲ್ಲೇ ಬಹಳ ಮಂದಿಗೆ ಇನ್ಹೇಲರ್ ಸರಿಯಾಗಿ ಹಿಡಿಯೋಕೆ ಬರೋದಿಲ್ಲ. ಡಾಕ್ಟರು, ನರ್ಸು, ಫಾರ್ಮಸಿಸ್ಟು ಯಾರೂ ಇದಕ್ಕೆ ಹೊರತಲ್ಲ. 1975ರಿಂದ 2014ರವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ ಪರಿಶೀಲನೆಯೊಂದು 2016ರಲ್ಲಿ ಬಂತು. ಸರಿಯಾಗಿ ಬಳಸುತ್ತಿದ್ದ ರೋಗಿಗಳು 31%. ನಲವತ್ತು ವರ್ಷದಲ್ಲಿ ಅದು ಸುಧಾರಿಸಿಯೇ ಇಲ್ಲ. ಅಷ್ಟು ಹೊಸ ಸಾಧನ ಬಂದವು, ಅಷ್ಟು ಕರಪತ್ರ ಅಚ್ಚಾದವು, ಕಲಿಸುವವರಿಗೆ ಕಲಿಸುವ ಕೆಲಸ ಮಾತ್ರ ಹಾಗೇ ಉಳೀತು. ನನಗೆ ಇದು ತೀರಾ ನೋವಿನ ವಿಷಯ.

ಮೊದಲಮಳೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಏನೇನು ಕೇಳಬೇಕು? ಅಲ್ಲಿ ತುಂಬಾ ಗಡಿಬಿಡಿ ಇರುತ್ತೆ, ಎಲ್ಲಾ ಮರೆತುಹೋಗುತ್ತೆ.

ಅಕ್ಷರದ ಅಂಗಳ:

ಹಿಂದಿನ ರಾತ್ರಿಯೇ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ, ಒಳಗೆ ಹೋದ ಕೂಡಲೇ ಚೀಟಿಯನ್ನು ಮೇಜಿನ ಮೇಲಿಡಿ. ಡಾಕ್ಟರ್ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೇ ಎಂದು ಕೇಳಿ, ಬಹಳಷ್ಟು ಮಂದಿ ಒಪ್ಪುತ್ತಾರೆ. ಮನೆಯ ಹಿರಿಯರಲ್ಲಿ ಹೆದರಿಸುವವರು ಯಾರೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನೀವು ಬಂದು ಹೇಳಿದ್ದಕ್ಕಿಂತ ಡಾಕ್ಟರ ಬಾಯಿಂದಲೇ ಕೇಳಿದರೆ ಅವರ ಭಯ ಬೇಗ ಕರಗುತ್ತದೆ.

ವಾರ್ಡ್ ಸಿಸ್ಟರ್:

ಇನ್ಹೇಲರ್, ಸ್ಪೇಸರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. "ನಾನು ಕೊಡೋ ರೀತಿ ಸರಿಯಿದೆಯಾ ನೋಡಿ" ಅಂತ ಅಲ್ಲೇ ಮಾಡಿ ತೋರಿಸಿ. ದಿನಾ ಕೊಡೋದು ಯಾವುದು, ಉಬ್ಬಸ ಎದ್ದಾಗ ಕೊಡೋದು ಯಾವುದು, ಎರಡಕ್ಕೂ ಬೇರೆ ಬೇರೆ ಬಣ್ಣದ ಸ್ಟಿಕ್ಕರ್ ಅಂಟಿಸಿಕೊಳ್ಳಿ. ಉಲ್ಬಣಿಸಿದರೆ ಏನು ಮಾಡಬೇಕು ಅನ್ನೋದನ್ನ ಕನ್ನಡದಲ್ಲಿ ಬರೆಸಿಕೊಳ್ಳಿ, ಒಂದು ಪ್ರತಿ ಅವನ ಟೀಚರ್‌ಗೂ ಕೊಡಿ.

ಕಾಯಬಾರದ ಲಕ್ಷಣಗಳು ಇವು: ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದಿರೋದು, ಪಕ್ಕೆಲುಬಿನ ಸಂದಿ ಅಥವಾ ಕತ್ತಿನ ಗುಳಿ ಒಳಗೆಳೆದುಕೊಳ್ಳೋದು, ತುಟಿ ನೀಲಿಗಟ್ಟೋದು, ಮಗು ಮಂಕಾಗೋದು, ರಿಲೀವರ್ ಕೊಟ್ಟರೂ ಇಳಿಯದಿರೋದು ಅಥವಾ ನಾಲ್ಕು ಗಂಟೆಯೊಳಗೆ ಮತ್ತೆ ಏಳೋದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕೂರಬೇಡಿ, ರಿಲೀವರ್ ಕೊಡ್ತಾನೇ ಆಸ್ಪತ್ರೆಗೆ ಹೊರಡಿ. ಡಾಕ್ಟರಿಗೆ ಪುರಸೊತ್ತಿಲ್ಲ ಅಂದರೆ ಅಲ್ಲಿನ ನರ್ಸ್‌ಗಳನ್ನ ಕೇಳಿ. ಕೇಳಿದವರಿಗೆ ನಾವು ಹೇಳಿಕೊಟ್ಟೇ ಕೊಡ್ತೀವಿ.